ನಾನು ಕೇಳಿದ್ದು ಹಳಿಯ ನಕ್ಷೆ, ಸೈಟಿನ ನಕ್ಷೆಯಲ್ಲ

ಟೀ ಲೋಟದ ಆ ಉಂಗುರ ಇನ್ನೂ ಹಾಗೆಯೇ ಇದೆ. ಒದ್ದೆ ಬಟ್ಟೆ ಒತ್ತಿ ನೋಡಿದೆ, ಹತ್ತಿಯಿಂದ ಮೆಲ್ಲಗೆ ಒರೆಸಿದೆ; ಹಳೆಯ ರೈಲು ಹಳಿಯ ನಕ್ಷೆಗೆಂದು ನಾನು ಎಳೆದಿದ್ದ ಪೆನ್ಸಿಲ್ ಗೆರೆ ಮಸುಕಾಯಿತೇ ಹೊರತು ಕಲೆ ಹೋಗಲಿಲ್ಲ. ಲೂಪ್ ಲೈನ್, ಅಂದರೆ ನಿಲ್ದಾಣದ ಪಕ್ಕದ ಹಳಿ, ಮುಖ್ಯ ಹಳಿಯಿಂದ ಕವಲೊಡೆಯುವ ಜಾಗದ ಮೇಲೆಯೇ ಭೂದಾಖಲೆ ಕಚೇರಿಯವರೊಬ್ಬರು ಲೋಟ ಇಟ್ಟರು. ಈಗ ರಾತ್ರಿ ಹನ್ನೊಂದೂವರೆ. ನಡೆದದ್ದು ಬೆಳಿಗ್ಗೆ ಹನ್ನೊಂದಕ್ಕೆ. ಎರಡು ಸಲ ದೀಪ ಆರಿಸಿ ಮಲಗಿದೆ, ಎರಡು ಸಲವೂ ಎದ್ದು ಕುಳಿತೆ.

ಕಚೇರಿಯ ಹೆಸರನ್ನು ಬರೆಯುವುದಿಲ್ಲ, ಆ ಮನುಷ್ಯನ ಹೆಸರನ್ನೂ ಬರೆಯುವುದಿಲ್ಲ. ಆದರೆ ನಡೆದದ್ದನ್ನು ಬರೆಯದೆ ಇರಲಾರೆ.

ಇದು ನನ್ನ ನಾಲ್ಕನೆಯ ಭೇಟಿ. ಒಂದೂಕಾಲು ಗಂಟೆ ಸಾಲಿನಲ್ಲಿ ನಿಂತು, ಸರದಿ ಬಂದಾಗ ಅರ್ಜಿ ಕೊಟ್ಟು, ಮಾತಿನಲ್ಲಿ ಹೇಳಿದರೆ ಅರ್ಥವಾಗದಿರಬಹುದೆಂದು ನಕ್ಷೆಯ ಸುರುಳಿಯನ್ನು ಬಿಚ್ಚಿ ಮೇಜಿನ ಮೇಲೆ ಹರಡಿದೆ. ಹಳೆಯ ನ್ಯಾರೋಗೇಜ್ ಹಳಿ ಹಾದುಹೋಗಿದ್ದ ಮೂರು ಊರುಗಳ ಗ್ರಾಮ ನಕ್ಷೆ ಮತ್ತು ಆಕಾರ್‌ಬಂದ್, ಅಂದರೆ ಸರ್ವೆ ನಂಬರುವಾರು ವಿಸ್ತೀರ್ಣದ ದಾಖಲೆ, ಇವುಗಳ ಪ್ರತಿ ಬೇಕು ಎಂದೆ. ಅವರು ಅರ್ಜಿಯನ್ನು ಓದಲಿಲ್ಲ. ‘ಸರ್ವೆ ನಂಬರ್ ಹೇಳಿ’ ಎಂದರು. ಹಳಿ ಯಾವ ಯಾವ ನಂಬರುಗಳ ಮೇಲೆ ಹಾದುಹೋಗಿತ್ತು ಎಂಬುದನ್ನು ತಿಳಿಯುವುದಕ್ಕೇ ಬಂದಿದ್ದೇನೆ, ಅದು ಗೊತ್ತಿದ್ದರೆ ಬರುತ್ತಲೇ ಇರಲಿಲ್ಲ ಎಂದೆ. ಆಗ ಅವರು ತಲೆ ಎತ್ತಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ‘ಪಾರ್ಟಿ ಯಾರು ಮೇಷ್ಟ್ರೇ? ಬೆಂಗಳೂರಿನವರಾ? ಎಷ್ಟು ಎಕರೆ ನೋಡ್ತಾ ಇದಾರೆ?’

ಅಷ್ಟರಲ್ಲಿ ಹುಡುಗ ಟೀ ತಂದ. ಮೇಜಿನ ಮೇಲೆ ಬೇರೆ ಜಾಗ ಇರಲಿಲ್ಲವೆಂದು ಯಾರೂ ಹೇಳುವ ಹಾಗಿಲ್ಲ, ಎಡಗಡೆಯ ಅರ್ಧ ಮೇಜು ಖಾಲಿಯಿತ್ತು. ಅವರು ಲೋಟವನ್ನು ತೆಗೆದುಕೊಂಡು ನನ್ನ ಹಾಳೆಯ ನಡುವೆ ಇಟ್ಟು, ಸಾಲಿನಲ್ಲಿದ್ದವರ ಕಡೆ ತಿರುಗಿ, ‘ನೋಡ್ರಪ್ಪಾ, ಮೇಷ್ಟ್ರು ರೈಲ್ವೆ ಖರಾಬಿಗೇ ಕೈ ಹಾಕಿದಾರೆ’ ಎಂದರು. ಖರಾಬು ಎಂದರೆ ಸಾಗುವಳಿಗೆ ಸೇರದ ನೆಲ. ಎಲ್ಲರೂ ನಕ್ಕರು. ನನ್ನ ವಿದ್ಯಾರ್ಥಿಯೊಬ್ಬನ ತಂದೆ ಆ ಸಾಲಿನಲ್ಲಿದ್ದರು. ಅವರೂ ನಕ್ಕು, ನನ್ನ ಕಣ್ಣಿಗೆ ಬಿದ್ದೊಡನೆ ಕೈಯಲ್ಲಿದ್ದ ಪಹಣಿಯನ್ನು ಓದುವವರಂತೆ ತಲೆ ತಗ್ಗಿಸಿದರು. ನಾನೇನು ಮಾಡಿದೆ? ಲೋಟ ಎತ್ತುವವರೆಗೆ ಕಾದೆ. ಅವರು ನಿಧಾನವಾಗಿ, ಮೂರು ಸಲ ಗುಟುಕರಿಸಿ, ಪ್ರತಿ ಸಲವೂ ಅದೇ ಜಾಗಕ್ಕೆ ಲೋಟ ಇಟ್ಟು ಕುಡಿದರು. ಕೊನೆಗೆ ಹಾಳೆಯನ್ನು ಸುತ್ತಿಕೊಂಡು, ‘ತಪ್ಪಾಯಿತು ಸಾರ್’ ಎಂದು ಹೇಳಿ ಹೊರಗೆ ಬಂದೆ.

ಯಾವ ತಪ್ಪು? ಇಪ್ಪತ್ತಾರು ವರ್ಷ ಭೂಗೋಳ ಪಾಠ ಮಾಡಿದವನು, ನಕ್ಷೆ ಕೇಳಿದ್ದಕ್ಕೆ ಕ್ಷಮೆ ಕೇಳಿ ಬಂದೆ. ಅವರ ಮೇಲಿನ ಸಿಟ್ಟು ನಾಳೆ ಇಳಿಯಬಹುದು. ಆ ಎರಡು ಪದಗಳನ್ನು ನನ್ನ ಬಾಯಿ ಆಡಿತಲ್ಲ, ಅದನ್ನು ಹೇಗೆ ಮರೆಯಲಿ?

ಅವರ ಅನುಮಾನಕ್ಕೆ ಕಾರಣವೇ ಇಲ್ಲವೆಂದು ನಾನು ಹೇಳುವುದಿಲ್ಲ. ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಕಡೆ ಹಳೆಯ ನಕ್ಷೆ ಕೇಳುವವರಲ್ಲಿ ಹೆಚ್ಚಿನವರಿಗೆ ನೆಲವೇ ಬೇಕಾಗಿರುತ್ತದೆ. ಖರಾಬು ಎಲ್ಲಿದೆ, ಒತ್ತುವರಿ ಎಷ್ಟಾಗಿದೆ, ಪೋಡಿ, ಅಂದರೆ ಸರ್ವೆ ನಂಬರಿನ ವಿಭಜನೆ, ಆಗಿದೆಯೇ ಎಂದು ಕೇಳುವವರ ನಡುವೆ ಹಳಿಯ ತಿರುವು ಎಲ್ಲಿತ್ತು ಎಂದು ಕೇಳುವವನು ವಿಚಿತ್ರವಾಗಿ ಕಂಡರೆ ಕಾಣಲಿ. ಆದರೆ ಅರ್ಜಿಯಲ್ಲಿ ಎಲ್ಲವನ್ನೂ ಬರೆದಿದ್ದೆ. ಓದಬಹುದಿತ್ತು. ಎರಡು ನಿಮಿಷದ ಕೆಲಸ.

1913ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಕೋಲಾರಕ್ಕೆ ಆ ಪುಟ್ಟ ರೈಲು ಬಂತು. 1915ರಲ್ಲಿ ಬೆಂಗಳೂರಿನ ಕಡೆಯಿಂದ ಚಿಕ್ಕಬಳ್ಳಾಪುರಕ್ಕೆ ಇನ್ನೊಂದು ಬಂತು. ಆಮೇಲೆ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟಗಳ ಮೂಲಕ ಎರಡೂ ಒಂದಾದವು. ಹಳಿಗಳ ನಡುವಿನ ಅಂತರ ಎರಡೂವರೆ ಅಡಿ, 762 ಮಿಲಿಮೀಟರು. ಇಂದಿನ ಬ್ರಾಡ್‌ಗೇಜ್ 1,676 ಮಿಲಿಮೀಟರು. ಗೇಜ್ ಬೇರೆಯಾದ್ದರಿಂದ ಬಂಗಾರಪೇಟೆಯಲ್ಲಿ ಮದರಾಸಿನ ಗಾಡಿಗೆ ಹೋಗುವ ಪ್ರತಿಯೊಂದು ಮೂಟೆಯನ್ನೂ ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಹೊತ್ತು ಹಾಕಬೇಕಾಗಿತ್ತು. ಪುಟ್ಟ ಗಾಡಿ ಬಿಗಿಯಾದ ತಿರುವಿನಲ್ಲಿಯೂ ಹೊರಳಿಕೊಂಡು ಹೋಗುತ್ತದೆ, ದೊಡ್ಡ ಗಾಡಿಗೆ ತಿರುವು ಸಡಿಲವಾಗಿರಬೇಕು. ಆದ್ದರಿಂದ ಗೇಜ್ ಬದಲಾಯಿಸುವಾಗ ಹಳೆಯ ದಾರಿಯನ್ನು ಎಲ್ಲೆಡೆಯೂ ಹಾಗೆಯೇ ಹಿಡಿಯಲು ಬರುವುದಿಲ್ಲ. ಕೈಬಿಟ್ಟ ಹಳಿಯ ಏರಿ ಮೊದಲು ಗಾಡಿದಾರಿಯಾಗಿ, ಆಮೇಲೆ ಹೊಲದ ಬದುವಾಗಿ, ಕೊನೆಗೆ ಏನೂ ಇಲ್ಲದಂತಾಗುತ್ತದೆ. 2013ರಲ್ಲಿ ಚಿಕ್ಕಬಳ್ಳಾಪುರ–ಕೋಲಾರದ ನಡುವೆ ಬ್ರಾಡ್‌ಗೇಜ್ ಗಾಡಿ ಓಡಿತು. ಸಂತೋಷ, ನಾನೂ ಅದರಲ್ಲಿಯೇ ಓಡಾಡುತ್ತೇನೆ. ಹಳೆಯ ಹಳಿ ಎಲ್ಲಿತ್ತು ಎಂದು ಕೇಳಿದರೆ ಹೊಸ ರೈಲಿಗೆ ಅವಮಾನವಾಗುತ್ತದೆಯೇ?

ಆ ಹಾಳೆ ಹೇಗೆ ತಯಾರಾಯಿತು ಎಂಬುದು ಲೋಟ ಇಟ್ಟವರಿಗೆ ಗೊತ್ತಿಲ್ಲ. ನಮ್ಮ ಪಕ್ಕದೂರಿನಲ್ಲಿ ಎಂಬತ್ತಾರು ವರ್ಷದ ಅಜ್ಜ ಒಬ್ಬರಿದ್ದಾರೆ, ನ್ಯಾರೋಗೇಜ್ ಕಾಲದ ಪಾಯಿಂಟ್ಸ್‌ಮನ್, ಅಂದರೆ ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ‘ಪಾಯಿಂಟ್’ ನೋಡಿಕೊಳ್ಳುತ್ತಿದ್ದವರು. ಅವರು ಬಾಯಲ್ಲಿ ಹೇಳಲಾರರು, ನಾಲಿಗೆ ತೊದಲುತ್ತದೆ. ಜಗಲಿಯ ಮೇಲೆ ಬೆಂಕಿಪೆಟ್ಟಿಗೆಯನ್ನು ಸ್ಟೇಷನ್ ಎಂದು ಇಟ್ಟು, ಕಡ್ಡಿಗಳನ್ನು ಸಾಲಾಗಿ ಜೋಡಿಸಿ ಮುಖ್ಯ ಹಳಿ ಮಾಡಿ, ಪಕ್ಕದಲ್ಲಿ ಲೂಪ್ ಲೈನ್ ಎಳೆದು, ಒಂದು ಕಡ್ಡಿಯನ್ನು ಅರ್ಧಕ್ಕೆ ಮುರಿದು ಗೂಡ್ಸ್ ಸೈಡಿಂಗ್, ಅಂದರೆ ಸರಕು ಇಳಿಸುವ ಪಕ್ಕದ ಹಳಿ, ಎಂದು ತೋರಿಸಿದರು. ಪಾಯಿಂಟ್ ಇರುವ ಕಡೆಗೆಲ್ಲ ಕಡ್ಡಿಯ ಮದ್ದಿನ ತುದಿ ಬರುವಂತೆ ಇಟ್ಟಿದ್ದರು. ಅದು ನನ್ನ ಗಮನಕ್ಕೆ ಬಂದದ್ದು ಎರಡನೆಯ ದಿನ. ಗಾಳಿ ಬೀಸಿ ಕಡ್ಡಿ ಚದುರಿದಾಗ ಮತ್ತೆ ಅದೇ ಅಳತೆಗೆ ಜೋಡಿಸಿದರು. ಐದು ಭಾನುವಾರ ಹೋಗಿ, ನೆಲದಲ್ಲಿ ಟೇಪು ಹಿಡಿದು ಉಳಿದ ಗುರುತುಗಳನ್ನು ಅಳೆದು ಬರೆದ ಹಾಳೆ ಅದು.

ನೆನಪು ಸರಿಯೋ ತಪ್ಪೋ ಎಂದು ತಾಳೆ ನೋಡಲು ದೊಡ್ಡ ಅಳತೆಯ ನಕ್ಷೆ ಬೇಕು. ಸರ್ವೆ ಆಫ್ ಇಂಡಿಯಾದ ಇಂಚಿಗೊಂದು ಮೈಲಿಯ ಹಳೆಯ ಹಾಳೆಗಳಲ್ಲಿ, ಚಿಕ್ಕಬಳ್ಳಾಪುರದ ಕಡೆಗೆ 57 ಜಿ, ಕೋಲಾರದ ಕಡೆಗೆ 57 ಕೆ ಎಂಬ ಸಂಖ್ಯೆಯ ಗುಂಪಿನವುಗಳಲ್ಲಿ, ಒಂದು ನಿಲ್ದಾಣದ ಆವರಣವೆಲ್ಲ ಸೇರಿದರೂ ಹುಣಸೆ ಬೀಜಕ್ಕಿಂತ ದೊಡ್ಡದಾಗುವುದಿಲ್ಲ. ಗ್ರಾಮ ನಕ್ಷೆಯಲ್ಲಿ ಇಂಚಿಗೆ 660 ಅಡಿ, ಅಂದರೆ ಅದರ ಎಂಟು ಪಟ್ಟು. ಹಳಿಯ ನೆಲ ಎಲ್ಲಿ ಅಗಲವಾಗಿದೆಯೋ ಅಲ್ಲಿ ಸೈಡಿಂಗ್ ಇದ್ದಿರಬೇಕು, ಎಲ್ಲಿ ಬಾಗಿದೆಯೋ ಅಲ್ಲಿ ತಿರುವು. ಇಷ್ಟೇ ನನ್ನ ಲೆಕ್ಕ. ಇದರಲ್ಲಿ ಯಾವ ಪಾರ್ಟಿ, ಯಾವ ಎಕರೆ?

ಮೊದಲ ಮೂರು ಭೇಟಿಗಳ ಕಥೆ ಬೇರೆ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾಯಿತು. ಚಿಂತಾಮಣಿ ಆ ಕಡೆ, ಶ್ರೀನಿವಾಸಪುರ ಈ ಕಡೆ. ಇಲ್ಲಿ ಕೇಳಿದರೆ ಅಲ್ಲಿ ಎನ್ನುತ್ತಾರೆ, ಅಲ್ಲಿ ಕೇಳಿದರೆ ಇಲ್ಲಿ ಎನ್ನುತ್ತಾರೆ. ಮಾಹಿತಿ ಹಕ್ಕಿನಲ್ಲಿ ಹಾಕಿದ ಅರ್ಜಿಗೆ ‘ಈ ಶಾಖೆಗೆ ಸಂಬಂಧಿಸಿದ್ದಲ್ಲ’ ಎಂಬ ಒಂದೇ ಸಾಲಿನ ಉತ್ತರ ಬಂತು. ಸಂಬಂಧಿಸದಿದ್ದರೆ ಐದು ದಿನಗಳೊಳಗೆ ಸಂಬಂಧಪಟ್ಟವರಿಗೆ ಅವರೇ ವರ್ಗಾಯಿಸಬೇಕೆಂದು ಅಧಿನಿಯಮದ 6(3)ನೆಯ ಕಲಮು ಹೇಳುತ್ತದೆ. ಅದನ್ನು ಇಂದು ಎದುರಿಗೆ ಹೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಚೀಟಿ ಜೇಬಿನಲ್ಲಿಯೇ ಉಳಿಯಿತು.

ಮದರಾಸಿನ ಟ್ರ್ಯಾಮ್ 1953ರಲ್ಲಿ ನಿಂತಿತು, ಮುಂಬಯಿಯದು 1964ರಲ್ಲಿ. ಆ ಬೀದಿಗಳಲ್ಲಿ ಹಳಿ ಎಲ್ಲಿ ಜೋಡಿಯಾಗಿತ್ತು, ಎಲ್ಲಿ ತಿರುಗುತ್ತಿತ್ತು ಎಂದು ಹುಡುಕುವವರನ್ನು ಇತಿಹಾಸಪ್ರಿಯರು ಎಂದು ಗೌರವದಿಂದ ಕರೆಯುತ್ತಾರೆ. ಅದೇ ಕೆಲಸವನ್ನು ಚಿಂತಾಮಣಿಯ ಹೊಲದಲ್ಲಿ ಮಾಡಿದವನು ದಲ್ಲಾಳಿ. ಈ ವ್ಯತ್ಯಾಸ ಎಲ್ಲಿಂದ ಬಂತು ಎಂದು ಯಾರಾದರೂ ನನಗೆ ಹೇಳಿ.

ಸಂಜೆ ಮನೆಗೆ ಬಂದಾಗ, ಇಷ್ಟಕ್ಕೇ ಬಿಟ್ಟುಬಿಡೋಣ ಎಂದು ನಿರ್ಧರಿಸಿದ್ದೆ. ಹಳಿ ಕಿತ್ತವರಿಗೇ ಬೇಡವಾದ ನಕ್ಷೆ ನನಗೇಕೆ, ಮಕ್ಕಳ ಪರೀಕ್ಷೆ ಹತ್ತಿರ ಬಂದಿದೆ, ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿಯೇ ಇಲ್ಲ. ಈಗಲೂ ಅರ್ಧ ಮನಸ್ಸು ಅದನ್ನೇ ಹೇಳುತ್ತಿದೆ. ಆದರೂ ಕೇಳುತ್ತೇನೆ: ಈ ಮಾರ್ಗದಲ್ಲಿ ಸ್ಟೇಷನ್ ಮಾಸ್ಟರ್, ಗಾರ್ಡ್, ಗ್ಯಾಂಗ್‌ಮನ್ ಆಗಿದ್ದವರ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಅಟ್ಟದ ಟ್ರಂಕಿನಲ್ಲಿ ಹಳೆಯ ವರ್ಕಿಂಗ್ ಟೈಮ್‌ಟೇಬಲ್ (ರೈಲ್ವೆ ಸಿಬ್ಬಂದಿಯ ವೇಳಾಪಟ್ಟಿ), ಸ್ಟೇಷನ್ ವರ್ಕಿಂಗ್ ರೂಲ್ಸ್ (ಆಯಾ ನಿಲ್ದಾಣದ ಕೆಲಸದ ನಿಯಮಗಳು) ಪುಸ್ತಕವೇನಾದರೂ ಇದೆಯೇ ನೋಡಿ. ಆ ರೂಲ್ಸ್ ಪುಸ್ತಕಕ್ಕೆ ಯಾರ್ಡಿನ, ಅಂದರೆ ನಿಲ್ದಾಣದ ಹಳಿಗಳ, ರೇಖಾಚಿತ್ರ ಸೇರಿಸಿರುತ್ತಾರೆ. ರದ್ದಿಗೆ ಹಾಕುವ ಮೊದಲು ಒಂದು ಫೋಟೋ ತೆಗೆದು ಕಳಿಸಿ. ಇಲ್ಲವಾದರೆ ‘ಇಲ್ಲ’ ಎಂದಾದರೂ ಬರೆಯಿರಿ. ಯಾರಾದರೂ ಏನಾದರೂ ಉತ್ತರ ಕೊಡಿ.

ಏಳು ಗಂಟೆಗೆ ಅಜ್ಜನ ಮೊಮ್ಮಗಳು ಫೋನ್ ಮಾಡಿ ಅವರ ಕೈಗೆ ಕೊಟ್ಟಳು. ‘ನಕ್ಷೆ ಸಿಕ್ತಾ ಮೇಷ್ಟ್ರೇ?’ ಎಂದರು, ಅಷ್ಟು ಹೇಳುವುದಕ್ಕೇ ಅವರಿಗೆ ಬಹಳ ಹೊತ್ತು ಹಿಡಿಯಿತು. ಸಿಗುತ್ತದಂತೆ ಎಂದೆ. ಭಾನುವಾರ ಹೋಗಬೇಕು. ಈ ಕಲೆ ಬಿದ್ದ ಹಾಳೆಯನ್ನು ಅವರಿಗೆ ತೋರಿಸಲಾರೆ. ಹೊಸ ಹಾಳೆ ಮೇಜಿನ ಮೇಲೆ ಹರಡಿದ್ದೇನೆ, ಮುಖ್ಯ ಹಳಿ ಎಳೆದಾಗಿದೆ, ಲೂಪ್ ಲೈನ್ ಇನ್ನು ಎಳೆಯಬೇಕು.