ಅಜ್ಜನ ಕೋಟು ಯಾವ ಬಣ್ಣದ್ದು?

ಚಿತ್ರ ಬರೆಯುವುದಕ್ಕೆ ಬೇಕಾದದ್ದೆಲ್ಲ ಕಾಲೇಜಿನಲ್ಲಿ ಇರುತ್ತದೆ, ಆದರೆ ಅಲ್ಲಿರುವಾಗ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಎತ್ತರದ ಕಿಟಕಿ, ಕಲೆಯಾದರೂ ಯಾರೂ ಬಯ್ಯದ ನೆಲ, ಬ್ರಷ್ ತೊಳೆಯಲೆಂದೇ ಇರುವ ಸಿಂಕು, ಎಲ್ಲಕ್ಕಿಂತ ಹೆಚ್ಚಾಗಿ ಹಸಿ ಕ್ಯಾನ್ವಾಸನ್ನು ಒರಗಿಸಿಟ್ಟು ಮರೆತುಬಿಡಬಹುದಾದ ಒಂದು ಗೋಡೆ. ಕೋರ್ಸ್ ಮುಗಿದ ದಿನ ಇದೆಲ್ಲ ಅಲ್ಲೇ ಉಳಿಯುತ್ತದೆ. ನಮ್ಮ ಪಾಲಿಗೆ ಬರುವುದು ಒಂದು ಸರ್ಟಿಫಿಕೇಟು, ಮತ್ತೆ ಯಾವ ಬಾಗಿಲಲ್ಲೂ ತೂರದಂಥ ಫೈನಲ್ ಇಯರ್ ಚಿತ್ರ.

ದೊಡ್ಡದಾಗಿ ಯೋಚನೆ ಮಾಡಿ, ದೊಡ್ಡದಾಗಿ ಬರೀರಿ ಅಂತ ಮೇಷ್ಟ್ರು ಹೇಳಿದ್ದರು. ಬರೆದೆ. ಬಾಡಿಗೆ ರೂಮಿನ ಬಾಗಿಲ ಅಗಲ ಎಷ್ಟಿರುತ್ತದೆ ಅಂತ ಅವರೂ ಹೇಳಲಿಲ್ಲ, ಸಿಲೆಬಸ್‌ನಲ್ಲೂ ಇರಲಿಲ್ಲ. ಕೊನೆಗೆ ಕ್ಯಾನ್ವಾಸನ್ನು ಚೌಕಟ್ಟಿನಿಂದ ಬಿಚ್ಚಿ ಸುತ್ತಬೇಕಾಯಿತು. ಚಿತ್ರ ಸುತ್ತುವಾಗ ಬಣ್ಣದ ಮುಖ ಹೊರಗಡೆ ಬರಬೇಕು, ಒಳಗಡೆ ಬಂದರೆ ಬಣ್ಣದ ಪದರ ಮುದುಡಿಕೊಂಡು ಬಿರುಕು ಬಿಡುತ್ತದೆ. ನಾನು ಚೌಕಟ್ಟಿನ ಕಟ್ಟಿಗೆಗಳನ್ನು ಮೇಲೆ ಇಟ್ಟು ಬರುವಷ್ಟರಲ್ಲಿ, ಸಹಾಯಕ್ಕೆ ಬಂದಿದ್ದ ರೂಮ್‌ಮೇಟ್ ಅದನ್ನು ಒಳಮುಖವಾಗಿ ಗಟ್ಟಿಯಾಗಿ ಸುತ್ತಿ ದಾರ ಬೇರೆ ಕಟ್ಟಿದ್ದ. "ಹೊರಗಿದ್ರೆ ಕೊಳೆ ಆಗುತ್ತಲ್ವಾ?" ಅಂದ. ಪಾಪ, ಕಾಳಜಿಯಿಂದಲೇ ಮಾಡಿದ್ದು, ಏನಂತ ಬಯ್ಯೋದು? ಈಗ ಆ ಚಿತ್ರದ ಆಕಾಶದ ತುಂಬ ಬಿರುಕು. ಮೊನ್ನೆ ರೂಮಿಗೆ ಬಂದಿದ್ದ ಒಬ್ಬರು ತುಂಬ ಹೊತ್ತು ನೋಡಿ, "ಆಕಾಶಕ್ಕೆ ಆ ಟೆಕ್ಸ್ಚರ್ ಹೇಗೆ ತಂದ್ರಿ?" ಎಂದು ಕೇಳಿದರು. ಸ್ವಲ್ಪ ಕಷ್ಟ ಇದೆ ಅಂದೆ.

ಇನ್ನು ಎಣ್ಣೆಬಣ್ಣದ ಕಥೆ. ನೀರು ಆರಿದಂತೆ ಇದು ಆರುವುದಿಲ್ಲ. ಬಣ್ಣದಲ್ಲಿರುವ ಅಗಸೆ ಎಣ್ಣೆ ಗಾಳಿಯಿಂದ ಆಮ್ಲಜನಕ ಎಳೆದುಕೊಂಡು ನಿಧಾನಕ್ಕೆ ಗಟ್ಟಿಯಾಗಬೇಕು, ಅದಕ್ಕೆ ಯಾವ ಅವಸರವೂ ಇಲ್ಲ. ಕಂದು ಬಣ್ಣದ ಅಂಬರ್ ಒಂದೆರಡು ದಿನದಲ್ಲಿ ಮುಟ್ಟುವಂತಾಗುತ್ತದೆ. ಟೈಟಾನಿಯಮ್ ವೈಟ್ ದಪ್ಪ ಬಳಿದಿದ್ದರೆ ವಾರ ಕಳೆದರೂ ಅಂಟು ಅಂಟು. ಮೇಲೆ ವಾರ್ನಿಷ್ ಹಚ್ಚಬೇಕಾದರಂತೂ ಸಾಮಾನ್ಯವಾಗಿ 6 ತಿಂಗಳು ಕಾಯಬೇಕು ಅನ್ನುತ್ತಾರೆ. ಒಂದೇ ಕೋಣೆ, ಅದರಲ್ಲಿ ಇಬ್ಬರು, ಒಂದು ಹಸಿ ಚಿತ್ರ, ಪಕ್ಕದಲ್ಲೇ ರೂಮ್‌ಮೇಟ್‌ನ ಇಂಟರ್‌ವ್ಯೂ ಅಂಗಿ. ಮುಂದಿನದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಬೆನ್ನ ಮೇಲೆ ಕಡುನೀಲಿ ಪಟ್ಟೆ ಹೊತ್ತುಕೊಂಡೇ ಇಂಟರ್‌ವ್ಯೂಗೆ ಹೋಗಿ ಬಂದ. ಕೆಲಸ ಸಿಕ್ಕಿತು ಅನ್ನುವುದೇ ನನ್ನ ಅದೃಷ್ಟ.

ಅಗಸೆ ಎಣ್ಣೆಯದು ಇನ್ನೊಂದು ತಕರಾರಿದೆ. ಅದರಲ್ಲಿ ನೆನೆದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಕಿದರೆ ಒಳಗೊಳಗೇ ಬಿಸಿಯಾಗಿ ತನ್ನಷ್ಟಕ್ಕೆ ಬೆಂಕಿ ಹೊತ್ತಿಕೊಳ್ಳಬಹುದು. ತಮಾಷೆಯಲ್ಲ, ನಿಜಕ್ಕೂ ಆಗುತ್ತದೆ. ಹಾಗಾಗಿ ಬ್ರಷ್ ಒರೆಸಿದ ಬಟ್ಟೆಗಳನ್ನು ಬಿಡಿಬಿಡಿಯಾಗಿ ಹೊರಗಿನ ತಂತಿಯ ಮೇಲೆ ಹರವುತ್ತೇನೆ. ಮನೆ ಓನರ್ ಕೆಲವು ದಿನ ಸುಮ್ನೆ ನೋಡಿದರು. ಆಮೇಲೆ ಒಂದು ಬೆಳಿಗ್ಗೆ ಕರೆದು, ಅಕ್ಕಪಕ್ಕದವರಿಗೆ ಕೇಳಿಸದ ದನಿಯಲ್ಲಿ, "ಕಷ್ಟ ಎಲ್ಲರಿಗೂ ಇರುತ್ತೆ, ಆದರೂ ಬಟ್ಟೆ ಸ್ವಲ್ಪ ಒಗೆದು ಹಾಕಿ" ಅಂದರು. ಬೆಂಕಿಯ ವಿಷಯ ಹೇಳೋಣ ಅಂತ ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ಕೊಳಕ ಅಂದುಕೊಂಡರೆ ರೂಮಾದರೂ ಉಳಿಯುತ್ತದೆ, ಬೆಂಕಿ ಅಂದರೆ ಅದೂ ಇಲ್ಲ.

ಸಂಪಾದನೆಗೆ ಅಂತ ಬಂದ ಮೊದಲ ಕೆಲಸ ದೂರದ ಸಂಬಂಧದ ಅತ್ತೆಯದು. ಅವರ ಅಪ್ಪ ಅಮ್ಮನ ಜೋಡಿ ಭಾವಚಿತ್ರ ಬೇಕಿತ್ತು, ಇಬ್ಬರೂ ಒಟ್ಟಿಗಿರುವ ಫೋಟೋ ಒಂದೂ ಇರಲಿಲ್ಲ. ಅಜ್ಜನದು ಸ್ಟುಡಿಯೋದಲ್ಲಿ ತೆಗೆಸಿದ ಕಪ್ಪುಬಿಳುಪು ಫೋಟೋ, ಬೆಳಕು ಬಲಗಡೆಯಿಂದ ಬಿದ್ದಿದೆ. ಅಜ್ಜಿಯದು ಯಾರದೋ ಮದುವೆಯಲ್ಲಿ ಮುಖಕ್ಕೆ ನೇರ ಫ್ಲಾಶ್ ಹೊಡೆದು ತೆಗೆದದ್ದು, ಮೂಗು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ಊಹೆ ಮಾಡಿಕೊಳ್ಳಬೇಕು. ಎರಡು ಬೆಳಕನ್ನು ಹೇಗೋ ಹೊಂದಿಸಿ, ಅತ್ತೆ ಹೇಳಿದಂತೆ ಪಕ್ಕಪಕ್ಕ ಕೂರಿಸಿ, ಪೆನ್ಸಿಲ್ ಸ್ಕೆಚ್ ಕಳಿಸಿದೆ. ಸ್ವಲ್ಪ ಹೊತ್ತಿಗೇ ಫೋನ್ ಬಂತು.

"ಏನೋ ಇದು, ತಾಯಿ ಮಗ ಕೂತ ಹಾಗಿದೆ!"

ಹಾಗೇ ಇತ್ತು. ಅಜ್ಜ ತೀರಿಕೊಂಡಾಗ ನಲವತ್ತರ ಆಸುಪಾಸು, ಅಜ್ಜಿಯ ಫೋಟೋ ತೆಗೆದಾಗ ಅವರಿಗೆ ಎಪ್ಪತ್ತು ದಾಟಿತ್ತು. "ಅಪ್ಪಂಗೆ ಸ್ವಲ್ಪ ವಯಸ್ಸು ಮಾಡು" ಅಂದರು ಅತ್ತೆ. ಮಾಡಿದೆ. ಕೂದಲು ನರೆಸಿದೆ, ಕೆನ್ನೆ ಇಳಿಸಿದೆ, ಕಣ್ಣಿನ ಕೆಳಗೆ ಒಂದಿಷ್ಟು ನೆರಳು ಹಾಕಿದೆ. ನೋಡಿದವರೇ, "ಅಯ್ಯೋ, ಇವರು ಯಾರು?" ಅಂದರು. ಅವರು ನೋಡಿಯೇ ಇರದ ಮುದುಕನನ್ನು ಅವರು ಗುರುತು ಹಿಡಿಯುವುದು ಹೇಗೆ? ಹಾಗಾದರೆ ಅಜ್ಜಿಗೇ ವಯಸ್ಸು ಕಡಿಮೆ ಮಾಡು ಎಂಬ ತೀರ್ಮಾನವಾಯಿತು. ಅಜ್ಜಿಗೆ ಮಾತ್ರ ಇದರಿಂದ ತುಂಬ ಖುಷಿ, ಇನ್ನೂ ಸ್ವಲ್ಪ ಮಾಡು ಅಂದರು.

ಅಲ್ಲಿಗೆ ಮುಗಿಯಿತಾ? ಅಜ್ಜ ಹಾಕಿಕೊಂಡಿದ್ದ ಕೋಟು ಯಾವ ಬಣ್ಣದ್ದು ಎಂಬ ಪ್ರಶ್ನೆ ಎದ್ದಿತು. ಕಪ್ಪುಬಿಳುಪು ಫೋಟೋದಲ್ಲಿ ಅದು ಬರೀ ಬೂದು. ಕಂದು ಅಂತ ಅತ್ತೆ, ಕಡುನೀಲಿ ಅಂತ ಅವರ ಅಣ್ಣ, ಇಬ್ಬರೂ ಬಿಡುತ್ತಿಲ್ಲ. ಆಸ್ತಿ ಹಂಚುವಾಗಲೂ ಇಷ್ಟು ಮಾತು ಬಂದಿರಲಿಲ್ಲವಂತೆ. ಒಂದೊಂದು ಸಂಜೆ ಒಬ್ಬೊಬ್ಬರ ಫೋನ್, ನಾನು ಒಂದೊಂದು ಸಲ ಒಂದೊಂದು ಬಣ್ಣ. ಕೊನೆಗೆ ಯಾರಿಗೋ ಅಜ್ಜಿಯನ್ನೇ ಕೇಳುವ ಬುದ್ಧಿ ಬಂತು. ಅಜ್ಜಿ ಕನ್ನಡಕ ಏರಿಸಿ ಫೋಟೋ ನೋಡಿ, "ಅವರ ಹತ್ರ ಕೋಟೆಲ್ಲಿತ್ತು? ಅದು ಸ್ಟುಡಿಯೋದವರದ್ದು" ಅಂದರು.

ಕೋಟು ತೆಗೆದು ಬಿಳಿ ಅಂಗಿ ಹಾಕಿದೆ. ಟೈಟಾನಿಯಮ್ ವೈಟು, ಅದೂ ದಪ್ಪವಾಗಿ.

ಈ ಮಧ್ಯೆ ಪರಿಚಯದ ಅಂಗಡಿಯೊಂದಕ್ಕೆ ಬೋರ್ಡ್ ಡಿಸೈನ್ ಮಾಡಿಕೊಟ್ಟದ್ದೂ ಇದೆ. ಅದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ಮೊಬೈಲ್ ಪರದೆಯ ನೀಲಿ ಬೆಳಕಿನಿಂದ ಆದದ್ದು, ಪ್ರಿಂಟಿನ ನೀಲಿ ಶಾಯಿಯಿಂದ ಆಗಬೇಕಾದದ್ದು, ಶಾಯಿ ಬೆಳಕಿನಷ್ಟು ಹೊಳೆಯುವುದಿಲ್ಲ ಎಂದು ಎಷ್ಟು ವಿವರಿಸಿದರೂ ಅವರು ಮೊಬೈಲನ್ನು ಬೋರ್ಡಿನ ಪಕ್ಕ ಹಿಡಿದು, "ಇದೇ ಬೇಕು" ಅನ್ನುತ್ತಿದ್ದರು. ದುಡ್ಡು ಇನ್ನೂ ಬಂದಿಲ್ಲ.

ನಮ್ಮ ಕಷ್ಟಕ್ಕೆಲ್ಲ ನೆಂಟರ ಹತ್ತಿರ ಇರುವ ಒಂದೇ ಸಮಾಧಾನ ವ್ಯಾನ್ ಗೋ. "ಅವನೂ ಬದುಕಿದ್ದಾಗ ಉದ್ಧಾರ ಆಗಲಿಲ್ಲ, ಸತ್ತಮೇಲೆ ನೋಡು!" ಎಂದು ಹುರಿದುಂಬಿಸುತ್ತಾರೆ. ಅವನು ಸತ್ತದ್ದು 1890ರಲ್ಲಿ, 37ನೇ ವಯಸ್ಸಿಗೆ. ಹಾಗಾದರೆ ನಾನು ಹೊರಡಲಾ ಅಂತ ಕೇಳಬೇಕು ಅನಿಸುತ್ತದೆ. ಮತ್ತೆ, ಅವನಿಗೆ ಥಿಯೋ ಎಂಬ ತಮ್ಮನಿದ್ದ, ಚಿತ್ರ ಮಾರುವ ಕಂಪನಿಯಲ್ಲಿ ಕೆಲಸ, ಅಣ್ಣನಿಗೆ ತಪ್ಪದೆ ದುಡ್ಡು ಕಳಿಸುತ್ತಿದ್ದ, ಬಣ್ಣ ಕ್ಯಾನ್ವಾಸ್ ಸಹ ಕಳಿಸುತ್ತಿದ್ದ. ಈ ಭಾಗ ನೆಂಟರಿಗೆ ಗೊತ್ತಿಲ್ಲ. ನನಗೂ ಒಬ್ಬ ತಮ್ಮ ಇದ್ದಾನೆ. ಅವನೂ ತಿಂಗಳಿಗೊಮ್ಮೆ ತಪ್ಪದೆ ಮೆಸೇಜ್ ಕಳಿಸುತ್ತಾನೆ, ಸಾಲ ಕೇಳಿ.

ಬಣ್ಣದ ಟ್ಯೂಬ್‌ಗಳನ್ನು ಈಗ ಕೊನೆಯ ತನಕ ಹಿಂಡಿ, ಆಮೇಲೆ ಕತ್ತರಿಯಿಂದ ಸೀಳಿ ಒಳಗಿನದನ್ನು ಚಾಕುವಿನಲ್ಲಿ ಕೆರೆಯುತ್ತೇನೆ. 1841ರಲ್ಲಿ ಜಾನ್ ಗಾಫ್ ರ‍್ಯಾಂಡ್ ಎಂಬ ಚಿತ್ರಕಾರ ತವರದ ಟ್ಯೂಬಿಗೆ ಪೇಟೆಂಟ್ ಪಡೆದ. ಅದಕ್ಕೂ ಮೊದಲು ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಟ್ಟು ಮಾರುತ್ತಿದ್ದರು. ರ‍್ಯಾಂಡ್ ಪುಣ್ಯಾತ್ಮ. ಆ ಚೀಲವನ್ನೂ ಕೆರೆಯುವ ಗತಿ ನನಗೆ ಬರಲಿಲ್ಲವಲ್ಲ!

ವರ್ಷ ತುಂಬುವ ಹೊತ್ತಿಗೆ ಒಂದು ಗುಂಪು ಪ್ರದರ್ಶನದಲ್ಲಿ ಜಾಗ ಸಿಕ್ಕಿತು. ಸಿಕ್ಕ ಜಾಗ ಪ್ಲಗ್ ಪಾಯಿಂಟಿನ ಮೇಲೆ. ಮೊದಲ ದಿನ ನನ್ನ ಚಿತ್ರದ ಮುಂದೆ ಜನ ಕದಲದೆ ನಿಂತಿದ್ದರು, ಒಬ್ಬರು ಹೋದರೆ ಇನ್ನೊಬ್ಬರು. ಹತ್ತಿರ ಹೋಗಿ ನೋಡಿದರೆ ಎಲ್ಲರ ಕೈಯಲ್ಲೂ ಚಾರ್ಜರ್ ವೈರು. ಪರವಾಗಿಲ್ಲ, ನಿಂತ ತಪ್ಪಿಗೆ ಕೆಲವರು ತಲೆ ಎತ್ತಿಯೂ ನೋಡಿದರು. ಅಂಥವರಲ್ಲಿ ಒಬ್ಬರಿಗೆ ಚಿತ್ರ ಹಿಡಿಸಿತು. ಹಿಂದೆ ಸರಿದು ನೋಡಿದರು, ಮುಂದೆ ಬಂದು ನೋಡಿದರು, "ಬಣ್ಣ ಎಷ್ಟು ದಪ್ಪ ಇದೆ!" ಎಂದು ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಹೆಬ್ಬೆರಳು ಊರಿಯೇಬಿಟ್ಟರು. ಬಿಳಿ ಮೋಡದ ನಟ್ಟನಡುವೆ ಗೆರೆ ಗೆರೆಯಾಗಿ ಸ್ಪಷ್ಟ ಹೆಬ್ಬೆಟ್ಟು. ಅವರು ಬೆರಳು ನೋಡಿಕೊಂಡರು, ಮೋಡ ನೋಡಿದರು, ಕರ್ಚೀಫ್ ತೆಗೆದು ಬೆರಳು ಒರೆಸಿಕೊಂಡರು.

"ರೇಟು ಎಷ್ಟು?" ಅಂದರು.

ಹೇಳಿದೆ.

"ಡ್ಯಾಮೇಜ್ ಪೀಸ್ ಅಲ್ವಾ," ಅಂದರು, "ಸ್ವಲ್ಪ ನೋಡಿ ಹೇಳಿ."