ನೆಗಡಿ ನನ್ನದು, ತೀರ್ಮಾನ ಅವರದು

ನಮ್ಮ ಮನೆಯಲ್ಲಿ ಯಾರಾದರೂ ಸೀನಿದರೆ "ಏನಾಯ್ತು?" ಎಂದು ಯಾರೂ ಕೇಳುವುದಿಲ್ಲ. "ನಿನ್ನೆ ಏನು ತಿಂದೆ?" ಎಂದು ಕೇಳುತ್ತಾರೆ. ಅಲ್ಲಿಂದ ತನಿಖೆ ಶುರು. ಮದುವೆ ಮನೆಯ ಐಸ್‌ಕ್ರೀಮ್, ಅದಕ್ಕೂ ಹಿಂದಿನ ಸೌತೆಕಾಯಿ ಕೋಸಂಬರಿ, ರಾತ್ರಿ ಅನ್ನಕ್ಕೆ ಕಲಸಿಕೊಂಡ ಮೊಸರು, ಎಲ್ಲವನ್ನೂ ಕಟಕಟೆಗೆ ಕರೆಸುತ್ತಾರೆ. ನೆಗಡಿ ತರುವ ರೈನೋವೈರಸ್‌ನಲ್ಲೇ ನೂರಕ್ಕೂ ಜಾಸ್ತಿ ಬಗೆಗಳಿವೆ, ಅದಕ್ಕೇ ನೆಗಡಿಗೊಂದು ಲಸಿಕೆ ಮಾಡೋದು ಕಷ್ಟ ಎಂದು ನಾನೊಮ್ಮೆ ವಿವರಿಸಲು ಹೋದೆ. ಅಮ್ಮ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಇರಬಹುದಪ್ಪ. ಆದ್ರೆ ಫ್ರಿಡ್ಜ್ ನೀರು ಕುಡಿದಿದ್ದು ಯಾರು?" ಎಂದರು.

ಅಮ್ಮ ಸಾಗರದ ಕಡೆಯವರು. ಅತ್ತೆ ಧಾರವಾಡದವರು. ಇಬ್ಬರೂ ಒಟ್ಟಿಗೆ ಬೆಂಗಳೂರಿನ ನಮ್ಮ ಫ್ಲಾಟಿನಲ್ಲಿ ಇರುವಾಗ ನಾನು ಹುಷಾರಾಗಿರುತ್ತೇನೆ. ಹುಷಾರು ತಪ್ಪಬಾರದು ಎನ್ನುವಷ್ಟು ಹುಷಾರು. ಊಟದ ವಿಷಯದಲ್ಲಿ ಇವರಿಬ್ಬರ ನಡುವೆ ದೊಡ್ಡ ಜಗಳ ಇಲ್ಲ. ಪಪ್ಪಾಯಿ ಉಷ್ಣ, ಸೌತೆಕಾಯಿ ಶೀತ, ಆಲೂಗಡ್ಡೆ ವಾಯು, ಬದನೆಕಾಯಿ ನಂಜು. ಇಷ್ಟಕ್ಕೆ ಇಬ್ಬರೂ ಸಹಿ ಹಾಕಿದ್ದಾರೆ. ತೊಂದರೆ ಶುರುವಾಗುವುದು ಮೊಸರಿನಿಂದ. ಮೊಸರು ಶೀತ ಎಂದು ಅಮ್ಮ. ಛೇ, ಮೊಸರು ಉಷ್ಣ, ಮಜ್ಜಿಗೆ ತಂಪು ಎಂದು ಅತ್ತೆ. ಆಯುರ್ವೇದದವರನ್ನು ಕೇಳಿದರೆ ಅವರೂ ಮೊಸರು ಉಷ್ಣ ಅಂತಲೇ ಹೇಳುತ್ತಾರೆ. ಇದನ್ನು ನಾನು ಅಮ್ಮನಿಗೆ ಇನ್ನೂ ಹೇಳಿಲ್ಲ. ಊಟ ಅವರ ಕೈಯಲ್ಲೇ ಆಗಬೇಕು, ಅಲ್ವಾ?

ನೆಗಡಿಗೆ ಅಮ್ಮನ ಮದ್ದು ಕಷಾಯ. ಕೊತ್ತಂಬರಿ, ಜೀರಿಗೆ, ಮೆಂತ್ಯ, ಕಾಳುಮೆಣಸು ಹುರಿದು ಪುಡಿ ಮಾಡಿದ ಡಬ್ಬಿ ಊರಿಂದ ಹೊರಡುವಾಗಲೇ ಅವರ ಬ್ಯಾಗಿನಲ್ಲಿರುತ್ತದೆ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇದನ್ನೇ ಹಾಲು ಬೆಲ್ಲ ಹಾಕಿ ಕಾಫಿಯ ಬದಲು ಕುಡಿಯುತ್ತಾರೆ. ಹಾಗೆ ಕುಡಿದರೆ ತುಂಬಾ ರುಚಿ. ಆದರೆ ನೆಗಡಿಯಾದವನಿಗೆ ಹಾಲೂ ಇಲ್ಲ, ಬೆಲ್ಲವೂ ಇಲ್ಲ, ಮೆಣಸು ಮಾತ್ರ ಎರಡು ಪಾಲು. ಅದರ ಜೊತೆಗೆ ಬಾಲ್ಕನಿಯ ಕುಂಡದ ದೊಡ್ಡಪತ್ರೆ ಎಲೆ ಬಾಡಿಸಿ ಹಿಂಡಿದ ರಸ.

ಅತ್ತೆಗೆ ಈ ಎಲೆಗಳ ಮೇಲೆ ನಂಬಿಕೆ ಇಲ್ಲ. ಅವರದು ಅಜವಾನ, ಅಂದರೆ ನಮ್ಮ ಓಮ. ಹಂಚಿನ ಮೇಲೆ ಬಿಸಿ ಮಾಡಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಮೂಗಿಗೆ ಹಿಡಿದು ಎಳೆದುಕೊಳ್ಳಬೇಕು. ಮಲಗುವ ಮುಂಚೆ ಬಿಸಿ ಹಾಲಿಗೆ ಅರಿಶಿನ. "ಏನ್ ಆಗಂಗಿಲ್ರೀ, ಎರಡ ಗುಟುಕ ಕುಡೀರಿ" ಎಂದು ಲೋಟ ಹಿಡಿದು ನಿಂತರೆ ಅಳಿಯನಾದವನು ಏನು ಮಾಡಬೇಕು? ತಮಾಷೆ ಏನೆಂದರೆ, ದೊಡ್ಡಪತ್ರೆ ಎಲೆ ಹಿಸುಕಿ ಮೂಸಿದರೆ ಓಮದ ವಾಸನೆಯೇ ಬರುತ್ತದೆ. ಓಮಕ್ಕೆ ಘಾಟು ಕೊಡುವುದು ಥೈಮಾಲ್. ದೊಡ್ಡಪತ್ರೆಯಲ್ಲಿ ಅದೂ ಇದೆ, ಅದರ ಹತ್ತಿರದ ನೆಂಟ ಕಾರ್ವಕ್ರಾಲ್ ಕೂಡ ಇದೆ. ಅಂದರೆ ಬೀಗಿತ್ತಿಯರಿಬ್ಬರೂ ಒಂದೇ ಮದ್ದಿಗೆ ಎರಡು ಹೆಸರಿಟ್ಟು ವಾದ ಮಾಡುತ್ತಿದ್ದಾರೆ. ಇದನ್ನು ಮಾತ್ರ ನಾನು ಹೇಳಿದೆ. ಇಬ್ಬರೂ ಮೊದಲ ಸಲ ಒಂದಾದರು. ನನ್ನ ವಿರುದ್ಧ.

ಸಾಮಾನ್ಯ ನೆಗಡಿ ವಾರ, ಹತ್ತು ದಿನದಲ್ಲಿ ತಾನೇ ಇಳಿಯುತ್ತದೆ. ಇದು ಎಲ್ಲ ಡಾಕ್ಟರುಗಳೂ ಹೇಳುವ ಮಾತು. ಆದರೆ ಇಳಿಯುವ ದಿನ ಯಾರ ಲೋಟ ನನ್ನ ಕೈಯಲ್ಲಿತ್ತು ಎನ್ನುವುದು ಮುಖ್ಯ. ಕೊನೆ ಓವರಿನಲ್ಲಿ ಬಂದು ಒಂದು ಬೌಂಡರಿ ಹೊಡೆದವನಿಗೇ ಪಂದ್ಯ ಗೆಲ್ಲಿಸಿದ ಹೆಸರು ಬರುತ್ತದಲ್ಲ, ಹಾಗೆ. ಆದ್ದರಿಂದ ಮೂಗು ಬಿಟ್ಟುಕೊಂಡರೂ ನಾನು ಅದನ್ನು ತಕ್ಷಣ ಘೋಷಿಸುವುದಿಲ್ಲ. ಇಬ್ಬರದೂ ಕುಡಿದು, ಸ್ವಲ್ಪ ಹೊತ್ತು ಬಿಟ್ಟು, ಇಬ್ಬರೂ ಅಡುಗೆಮನೆಯಲ್ಲಿ ಇರುವಾಗ, "ಪರವಾಗಿಲ್ಲ ಅನ್ಸುತ್ತೆ" ಎಂದು ಗೋಡೆಗೆ ಹೇಳುತ್ತೇನೆ.

ಒಮ್ಮೆ ಈ ಕಷಾಯ ಫ್ಲಾಸ್ಕಿನಲ್ಲಿ ಕೂತು ಆಫೀಸಿಗೂ ಬಂತು. ನಾನು ಮೀಟಿಂಗಿನಲ್ಲಿದ್ದೆ. ನನ್ನ ಫ್ಲಾಸ್ಕಿನಲ್ಲಿ ಯಾವಾಗಲೂ ಫಿಲ್ಟರ್ ಕಾಫಿ ಇರುತ್ತದೆ ಎಂದು ಗೊತ್ತಿರುವ ಸಹೋದ್ಯೋಗಿಯೊಬ್ಬರು ಧಾರಾಳವಾಗಿ ಕಪ್ ತುಂಬಾ ಬಗ್ಗಿಸಿಕೊಂಡು ಒಂದೇ ಸಲ ದೊಡ್ಡ ಗುಟುಕು ಎಳೆದಿದ್ದಾರೆ. ಮೆಣಸು ಎರಡು ಪಾಲು ಇತ್ತಲ್ಲ! ನಾನು ಬರುವ ಹೊತ್ತಿಗೆ ಅವರ ಕಣ್ಣು, ಮೂಗು ಎಲ್ಲ ಹರಿಯುತ್ತಿತ್ತು. ಸಂಜೆ ಅಮ್ಮನಿಗೆ ಹೇಳಿದರೆ, "ನೋಡು, ಅವರಿಗೆ ಒಳಗೇ ಶೀತ ಇತ್ತು, ಹೊರಗೆ ಬಂತು" ಎಂದು ಸಂತೋಷಪಟ್ಟರು. ಮಾರನೇ ದಿನ ಅವರಿಗೂ ಒಂದು ಪೊಟ್ಟಣ ಪುಡಿ ಕಳಿಸಿದರು.

ತಲೆನೋವಿಗೆ ಬಂದರೆ ನಮ್ಮ ಮನೆಯಲ್ಲಿ ಪಕ್ಷಭೇದ ಇಲ್ಲ. ಅಮೃತಾಂಜನ. ಇದನ್ನು 1893ರಲ್ಲಿ ಮುಂಬೈಯಲ್ಲಿ ಶುರು ಮಾಡಿದವರು ಕಾಶೀನಾಥುನಿ ನಾಗೇಶ್ವರ ರಾವ್. ಅವರೇ ಮುಂದೆ 1908ರಲ್ಲಿ 'ಆಂಧ್ರಪತ್ರಿಕೆ' ಎಂಬ ತೆಲುಗು ಪತ್ರಿಕೆಯನ್ನೂ ತಂದರು. ತಲೆನೋವಿನ ಮದ್ದನ್ನೂ ದಿನದ ಸುದ್ದಿಯನ್ನೂ ಒಬ್ಬರೇ ಮಾರುವುದು ಎಂಥ ಒಳ್ಳೆ ವ್ಯಾಪಾರ ನೋಡಿ. ನನ್ನ ಕಷ್ಟ ಬೇರೆ. ಯಾವ ಬಾಮ್ ಹಚ್ಚಿಕೊಂಡರೂ ಅರ್ಧ ಗಂಟೆಯೊಳಗೆ ನನ್ನ ಬೆರಳು ತಾನಾಗಿ ಕಣ್ಣಿಗೆ ಹೋಗುತ್ತದೆ. ಆಗ ತಲೆನೋವು ಮರೆತೇ ಹೋಗುತ್ತದೆ. ಆ ಲೆಕ್ಕದಲ್ಲಿ ಬಾಮ್ ಕೆಲಸ ಮಾಡುತ್ತದೆ ಎನ್ನಲೇಬೇಕು.

ಬಿಕ್ಕಳಿಕೆಯ ಕತೆ ಇನ್ನೂ ಚೆನ್ನ. ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎಂದರ್ಥ. ಯಾರು ಅಂತ ಒಬ್ಬೊಬ್ಬರದೇ ಹೆಸರು ಹೇಳುತ್ತಾ ಹೋಗಬೇಕು, ಸರಿಯಾದ ಹೆಸರು ಬಂದ ತಕ್ಷಣ ನಿಲ್ಲುತ್ತದೆ. ಅಮೆರಿಕದ ಅಯೋವಾದಲ್ಲಿ ಚಾರ್ಲ್ಸ್ ಆಸ್ಬಾರ್ನ್ ಎಂಬ ರೈತನಿಗೆ 1922ರಲ್ಲಿ ಹಂದಿ ತೂಗಲು ಹೋದಾಗ ಶುರುವಾದ ಬಿಕ್ಕಳಿಕೆ 1990ರವರೆಗೆ ನಿಲ್ಲಲಿಲ್ಲ. 68 ವರ್ಷ! ಗಿನ್ನೆಸ್ ದಾಖಲೆಯಲ್ಲಿದೆ. ಇದನ್ನು ಓದಿ ಹೇಳಿದಾಗ ಅತ್ತೆ ತುಂಬಾ ಹೊತ್ತು ಯೋಚಿಸಿ, "ಅಷ್ಟ ವರ್ಷ ನೆನಸೋರು ಅಂದ್ರ ಸಾಲಾ ಕೊಟ್ಟವರ ಇರಬೇಕ್ರೀ" ಎಂದರು.

ಸೋದರಳಿಯನ ಉಪನಯನದಲ್ಲಿ ಊಟಕ್ಕೆ ಕೂತಾಗ ನನಗೆ ಬಿಕ್ಕಳಿಕೆ ಹಿಡಿಯಿತು. ಎಡಗಡೆಯವರು ಉಸಿರು ಹಿಡಿ ಎಂದರು. ಬಲಗಡೆಯವರು ನೀರು ಕುಡಿ ಎಂದರು. ಎದುರಿನ ಸಾಲಿನಿಂದ ಒಬ್ಬ ಅಜ್ಜ ಸಕ್ಕರೆ ಬಾಯಿಗೆ ಹಾಕ್ಕೊ ಎಂದು ಕೂಗಿದರು. ಈ ಅಜ್ಜನ ಮಾತು ಸುಳ್ಳಲ್ಲ. ಒಂದು ಚಮಚ ಒಣ ಸಕ್ಕರೆ ನುಂಗಿಸಿ ಬಿಕ್ಕಳಿಕೆ ನಿಲ್ಲಿಸಿದ ವರದಿ 1971ರಲ್ಲಿ ಅಮೆರಿಕದ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲೇ ಬಂದಿತ್ತು. ಆದರೆ ಎಲೆಗೆ ಸಕ್ಕರೆ ಬೀಳುವ ಮೊದಲೇ ಅಕ್ಕನ ದೊಡ್ಡ ಮಗ ಹಿಂದಿನಿಂದ ಓಡಿಬಂದು, "ಮಾಮಾ, ನಿಮ್ಮ ಕಾರಿಗೆ ಯಾರೋ ಗುದ್ದಿದ್ರು!" ಎಂದು ಕಿರುಚಿದ. ಎದೆ ಧಸಕ್ಕೆಂದಿತು. ಬಿಕ್ಕಳಿಕೆ ಅಲ್ಲಿಗೇ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿ ಹುಡುಗನ ಬುದ್ಧಿವಂತಿಕೆ ಹೊಗಳಿದರು. ಹೋಳಿಗೆ ಮುಗಿಸಿ, ಕೈ ತೊಳೆದು, ನಿಧಾನವಾಗಿ ಹೊರಗೆ ಹೋಗಿ ನೋಡಿದರೆ ಹಿಂದಿನ ಲೈಟು ನಿಜವಾಗಿಯೂ ಪುಡಿಪುಡಿ. ಗುದ್ದಿದವನು ಊರು ದಾಟಿಯಾಗಿತ್ತು.

ಇದೆಲ್ಲ ನಗುವ ಮಾತಾಯಿತು. ಸುಟ್ಟ ಗಾಯದ ವಿಷಯದಲ್ಲಿ ಮಾತ್ರ ನನಗೆ ಸಿಟ್ಟು ಬರುತ್ತದೆ. ನನ್ನ ಹೆಂಡತಿಗೆ ದೋಸೆ ಕಾವಲಿ ತಾಗಿ ಬೆರಳು ಸುಟ್ಟಿತು. ನಲ್ಲಿ ಎರಡು ಅಡಿ ದೂರದಲ್ಲಿತ್ತು. ಸುಟ್ಟ ಜಾಗವನ್ನು 20 ನಿಮಿಷ ಹರಿಯುವ ತಣ್ಣೀರಿಗೆ ಹಿಡಿಯಬೇಕು, ಐಸ್ ಇಡಬಾರದು, ಬೆಣ್ಣೆ ತುಪ್ಪ ಮೆತ್ತಬಾರದು. ಪ್ರಥಮ ಚಿಕಿತ್ಸೆ ಅಂದರೆ ಇಷ್ಟೇ. ಆದರೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಮ್ಮ ದೋಸೆ ಹಿಟ್ಟು ಬಳಿದಿದ್ದರು. ಅತ್ತೆ ಅದರ ಮೇಲೆ ಟೂತ್‌ಪೇಸ್ಟ್ ಹಚ್ಚಿದ್ದರು. ಕಸ ಗುಡಿಸಲು ಬಂದ ಅಕ್ಕ ಕಾಫಿಪುಡಿ ಉದುರಿಸಿ ಹೋಗಿದ್ದರು. ನಾನು ಬೆರಳು ತೊಳೆದು ನಲ್ಲಿ ಕೆಳಗೆ ಹಿಡಿಸಿದರೆ, "ಟ್ಯಾಂಕರ್ ನೀರು, ಹೀಗೆ ಸುರೀತೀಯಾ?" ಎಂದು ಅಮ್ಮನ ಆಕ್ಷೇಪ. ಕ್ಲಿನಿಕ್ಕಿನಲ್ಲಿ ಡಾಕ್ಟರು ಬೆರಳು ಮೂಸಿ ನೋಡಿ, "ಪುದೀನನಾ?" ಎಂದು ಕೇಳಿದರು.

ಮದ್ದು ಕಹಿಯಾಗಿರಬೇಕು, ಇಲ್ಲಾ ಉರಿಯಬೇಕು. ಎರಡೂ ಇಲ್ಲದಿದ್ದರೆ ನಮ್ಮವರು ಅದನ್ನು ಮದ್ದು ಎಂದು ಒಪ್ಪುವುದೇ ಇಲ್ಲ. ಭೇದಿಗೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಗುಟುಕು ಗುಟುಕಾಗಿ ಕುಡಿಸುವುದಕ್ಕೆ ನಮ್ಮ ಮನೆಯಲ್ಲಿ ಮರ್ಯಾದೆ ಇಲ್ಲ. "ಪಾನಕ ಕುಡಿದರೆ ಭೇದಿ ನಿಲ್ಲುತ್ತಾ?" ಎನ್ನುತ್ತಾರೆ. ಭೇದಿ ನಿಲ್ಲಿಸುವುದಕ್ಕಲ್ಲ, ಮೈಯ ನೀರು ಬತ್ತಬಾರದು ಅಂತ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ, ಬಂಗಾಳದ ಬನಗಾಂವ್‌ನಲ್ಲಿ, ಕಾಲರಾ ಬಂದವರಿಗೆ ಡ್ರಿಪ್ ಬಾಟಲಿ ಸಾಲದೆ ಹೋದಾಗ ಡಾಕ್ಟರ್ ದಿಲೀಪ್ ಮಹಲನಬಿಸ್ ಇಂಥದ್ದೇ ಉಪ್ಪು ಸಕ್ಕರೆಯ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟು ಕುಡಿಸಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ತೀರಿಕೊಂಡ ಮೇಲೆ, 2023ರಲ್ಲಿ, ಅವರಿಗೆ ಪದ್ಮವಿಭೂಷಣ ಬಂತು. ಇಷ್ಟು ಹೇಳಿದ ಮೇಲೆ ಅಮ್ಮ ಸ್ವಲ್ಪ ಮೆತ್ತಗಾದರು. "ಸರಿ, ಅದಕ್ಕೆ ಒಂಚೂರು ಮೆಂತ್ಯ ಹಾಕ್ಲಾ?" ಎಂದರು.

ಮಗಳು ಹಸುಗೂಸಾಗಿದ್ದಾಗ ಬಂದ ನೆಂಟರೆಲ್ಲ ಬಜೆ ತೇಯ್ದು ಜೇನಿನಲ್ಲಿ ಕಲಸಿ ನೆಕ್ಕಿಸಲು ನೋಡಿದ್ದರು. ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು, ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಅಷ್ಟು ಚಿಕ್ಕ ಹೊಟ್ಟೆಯಲ್ಲಿ ವಿಷ ಮಾಡುತ್ತದೆ. ಅದೊಂದರಲ್ಲಿ ನನ್ನ ಹೆಂಡತಿ ತೊಟ್ಟಿಲಿಗೆ ಅಡ್ಡ ನಿಂತವಳು ಕದಲಲಿಲ್ಲ. ಕೆಲವರು ಮುನಿಸಿಕೊಂಡು ಹೋದರು. ಹೋಗಲಿ.

ಅರಿಶಿನದ ವಿಷಯವನ್ನೂ ಹೇಳಿಬಿಡುತ್ತೇನೆ. ಗಾಯ ಮಾಯಿಸಲು ಅರಿಶಿನ ಬಳಸುವುದಕ್ಕೆ 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ಕೊಟ್ಟುಬಿಟ್ಟಿದ್ದರು. ನಮ್ಮ ಸರ್ಕಾರದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್ಐಆರ್ ಹಳೆಯ ಗ್ರಂಥಗಳ ದಾಖಲೆ ಒದಗಿಸಿ ವಾದ ಮಾಡಿದ ಮೇಲೆ 1997ರಲ್ಲಿ ಅದು ರದ್ದಾಯಿತು. "ಅದಕ್ಕೆ ಗ್ರಂಥ ಯಾಕ್ ಬೇಕಿತ್ತು? ನನ್ನ ಮೊಣಕಾಲು ತೋರಿಸಿದ್ರೆ ಆಗ್ತಿತ್ತು" ಎಂದು ಅಮ್ಮ ಸೀರೆ ಸ್ವಲ್ಪ ಎತ್ತಿ ಚಿಕ್ಕಂದಿನ ಕಲೆ ತೋರಿಸಿದರು. ಅತ್ತೆಯೂ ತಮ್ಮ ಮೊಣಕೈ ತೋರಿಸಿದರು. ಅವತ್ತು ಊಟಕ್ಕೆ ತಡವಾಯಿತು.

ಹೋದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ ಹಂಡೆಗೆ ನೀರು ಹೊಯ್ಯಲು ಬಗ್ಗಿದವನಿಗೆ ಸೊಂಟ ಹಿಡಿದುಕೊಂಡಿತು. ಬಗ್ಗಿದವನು ಬಗ್ಗಿದ ಹಾಗೇ. ಫೋನ್ ಮಾಡಿದರೆ ಡಾಕ್ಟರು, "ಮಲಗಿಬಿಡಬೇಡಿ, ಆದಷ್ಟು ಓಡಾಡ್ತಾ ಇರಿ. ಕಾಲು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಮಾತ್ರ ತಕ್ಷಣ ಬನ್ನಿ" ಎಂದರು. ಮನೆಯಲ್ಲಿ ಇದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹುಟ್ಟುವಾಗ ಕಾಲು ಮುಂದಾಗಿ ಬಂದವರು ಒದ್ದರೆ ಸೊಂಟ ಬಿಡುತ್ತದೆ ಎಂದು ಚಿಕ್ಕಪ್ಪ ತೀರ್ಪು ಕೊಟ್ಟರು. ಆದರೆ ಹಾಗೆ ಹುಟ್ಟಿದವರು ಈಗೆಲ್ಲಿ ಸಿಗುತ್ತಾರೆ? ಮಗು ಕಾಲು ಕೆಳಗಾಗಿದ್ದರೆ ಈಗ ಹೆಚ್ಚಾಗಿ ಸಿಸೇರಿಯನ್ನೇ. ಒದೆಯುವವರ ಸಂಖ್ಯೆ ವರ್ಷ ವರ್ಷ ಇಳಿಯುತ್ತಿದೆ. ನಮ್ಮ ಊರಿನ ಹಳೆಯ ಒದೆಗಾರರೊಬ್ಬರು ವಯಸ್ಸಾಗಿ ತಮ್ಮದೇ ಸೊಂಟ ಹಿಡಿದುಕೊಂಡು ಮಲಗಿದ್ದರು.

ಕೊನೆಗೆ ಕೆಳಗಿನ ಮನೆಯ ಹುಡುಗ ಸಿಕ್ಕ. ಪಿಯುಸಿ ಓದುತ್ತಾನೆ, ತುಂಬಾ ಸಂಕೋಚದವನು. "ಬೇಡ ಅಣ್ಣ, ನಿಮಗೆ ಹೇಗೆ ಒದೆಯೋದು" ಎಂದ. "ಒದಿಯೋ, ಪುಣ್ಯದ ಕೆಲಸ" ಎಂದು ಅವನ ಅಮ್ಮನೇ ಹುರಿದುಂಬಿಸಿದರು. ಅಂಗಳದಲ್ಲಿ ಜನ ಸೇರಿದರು. ನಾನು ತುಳಸಿಕಟ್ಟೆ ಹಿಡಿದು ನಿಂತೆ. ಮೊದಲ ಒದೆಯಲ್ಲಿ ಬರೀ ಸಂಕೋಚ ಇತ್ತು. "ಹೋಯ್ತಾ?" ಎಂದು ಎಲ್ಲರೂ ಕೇಳಿದರು. ಇಲ್ಲ ಎಂದುಬಿಟ್ಟೆ. ಎರಡನೆಯದರಲ್ಲಿ ಸಂಕೋಚ ಇರಲಿಲ್ಲ.

"ಹೋಯ್ತಾ?"

"ಹೋಯ್ತು! ಪೂರ್ತಿ ಹೋಯ್ತು!" ಎಂದು ನೆಟ್ಟಗೆ ನಿಂತು, ಹಲ್ಲು ಕಚ್ಚಿಕೊಂಡು ದಣಪೆಯವರೆಗೆ ನಡೆದು ತೋರಿಸಿದೆ. ಹುಡುಗನ ಮುಖದಲ್ಲಿ ಡಾಕ್ಟರಾದಷ್ಟು ಕಳೆ. "ಇನ್ನೊಂದು ಬೇಕಾ ಅಣ್ಣ?" ಎಂದು ಕಾಲು ಎತ್ತಿಕೊಂಡೇ ಕೇಳಿದ. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಚಿಕ್ಕಪ್ಪ ಪಂಚೆ ಬಿಗಿ ಮಾಡಿಕೊಂಡು ತುಳಸಿಕಟ್ಟೆ ಹಿಡಿದು ಬಗ್ಗಿಯಾಗಿತ್ತು.

"ಹೇಗೂ ಬಂದಿದ್ದೀಯಲ್ಲ ತಮ್ಮಾ, ನಂದೂ ಒಂದು ನೋಡಿಬಿಡು."