ಬಿಸಿಯೂಟವನ್ನು ಪಾಠವಾಗಿಸಬಲ್ಲ ಶಿಕ್ಷಕರು

ನಾನೀಗ ನೆಲೆಸಿರುವ ಜಪಾನಿನಲ್ಲಿ ಆಹಾರ ಶಿಕ್ಷಣಕ್ಕೆಂದೇ 2005ರಲ್ಲಿ ಒಂದು ಕಾಯ್ದೆ ಜಾರಿಗೆ ಬಂದಿತು. ಅದೇ ವರ್ಷ ಶಾಲೆಗಳಲ್ಲಿ ಪೌಷ್ಟಿಕತೆಯ ಶಿಕ್ಷಕರೆಂಬ ಹುದ್ದೆಯೂ ಆರಂಭವಾಯಿತು. ಆಹಾರ ವಿಜ್ಞಾನ ಮತ್ತು ಬೋಧನೆ ಎರಡರಲ್ಲೂ ಅರ್ಹತೆ ಇರುವ ಇವರು ಮಧ್ಯಾಹ್ನದ ಊಟದ ಪಟ್ಟಿಯನ್ನು ಸಿದ್ಧಪಡಿಸುವುದಲ್ಲದೆ, ತರಗತಿಗೆ ಬಂದು ಅದೇ ಊಟವನ್ನು ಮುಂದಿಟ್ಟುಕೊಂಡು ಪಾಠವನ್ನೂ ಮಾಡುತ್ತಾರೆ. ಮಕ್ಕಳು ಸರದಿಯಂತೆ ಬಡಿಸುತ್ತಾರೆ, ತರಗತಿಯ ಶಿಕ್ಷಕರು ಅವರೊಡನೆ ಕುಳಿತು ಉಣ್ಣುತ್ತಾರೆ.

ಊಟ ನೀಡುವುದರಲ್ಲಿ ನಮ್ಮ ರಾಜ್ಯವೇನೂ ಹಿಂದೆ ಬಿದ್ದಿಲ್ಲ. 2002ರಲ್ಲಿ ಉತ್ತರದ ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂದಿತು. 2013ರಲ್ಲಿ ಕ್ಷೀರಭಾಗ್ಯ, ಅನಂತರ ಮೊಟ್ಟೆ, ರಾಗಿ ಮಾಲ್ಟ್ ಸೇರಿದವು. ಜಪಾನಿನಲ್ಲಿ ಆಹಾರ ಪದಾರ್ಥಗಳ ವೆಚ್ಚವನ್ನು ಬಹುಕಾಲ ಪೋಷಕರೇ ಭರಿಸುತ್ತಿದ್ದರು, ನಮ್ಮಲ್ಲಿ ಬಿಸಿಯೂಟ ಸಂಪೂರ್ಣ ಉಚಿತ. ಇದು ಹೆಮ್ಮೆಪಡಬೇಕಾದ ಸಂಗತಿ. ಕೊರತೆ ಇರುವುದು ಶಿಕ್ಷಕರ ತರಬೇತಿಯಲ್ಲಿ. ಕಿರಿಯ ಪ್ರಾಥಮಿಕ ಶಾಲೆಯ ಮಗುವಿನ ಊಟದಲ್ಲಿ 450 ಕ್ಯಾಲೊರಿ ಮತ್ತು 12 ಗ್ರಾಂ ಪ್ರೋಟೀನ್, ಹಿರಿಯ ಪ್ರಾಥಮಿಕದಲ್ಲಿ 700 ಕ್ಯಾಲೊರಿ ಮತ್ತು 20 ಗ್ರಾಂ ಪ್ರೋಟೀನ್ ಇರಬೇಕೆಂಬ ನಿಯಮವಿದೆ. ಅಕ್ಕಿ, ಬೇಳೆ, ಎಣ್ಣೆಯ ದಾಸ್ತಾನು ಪುಸ್ತಕ ಬರೆಯುವ ಹೊಣೆಯನ್ನು ಮುಖ್ಯ ಶಿಕ್ಷಕರಿಗೆ ಹೊರಿಸಿರುವ ನಾವು, ಆ ಅಂಕಿಗಳ ಅರ್ಥವನ್ನು ಮಕ್ಕಳಿಗೆ ತಿಳಿಸುವ ಬಗೆಯನ್ನು ಅವರಿಗೆ ಸರಿಯಾಗಿ ಕಲಿಸಿಲ್ಲ.

ಚಿಕ್ಕಮಗಳೂರು ಜಿಲ್ಲೆಯವನಾದ ನನಗೆ ಇದು ಹೆಚ್ಚು ಕಾಡುವುದು ಕಬ್ಬಿಣಾಂಶದ ವಿಷಯದಲ್ಲಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆ ಇದೆ. ಶಾಲೆಗಳಲ್ಲಿ ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ ಕೊಡುವ ವ್ಯವಸ್ಥೆ ಇದೆ ನಿಜ, ಆದರೆ ಊಟದ ಜೊತೆಗೆ ಕಾಫಿ ಅಥವಾ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಹಿಡಿಯುವುದು ಕಡಿಮೆಯಾಗುತ್ತದೆ, ಹೆಸರುಕಾಳಿನ ಉಸಲಿಗೆ ನಿಂಬೆರಸ ಹಿಂಡಿದರೆ ಹೆಚ್ಚುತ್ತದೆ ಎಂಬುದನ್ನು ಕಾಫಿ ಸೀಮೆಯ ಮಕ್ಕಳಿಗೆ ಹೇಳಬೇಕಾದವರು ಶಿಕ್ಷಕರೇ. ಹಾಗೆಯೇ ಸೊಪ್ಪು, ಕಾಳು ಬೇಯಿಸಿದ ನೀರನ್ನು ಚೆಲ್ಲದೆ ಬಸ್ಸಾರು ಮಾಡುವ ನಮ್ಮ ಮನೆಗಳ ಪದ್ಧತಿಯಿಂದ ನೀರಿನಲ್ಲಿ ಕರಗಿದ ಸತ್ವ ಉಳಿಯುತ್ತದೆ. ವಿಜ್ಞಾನದ ತರಗತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಪ್ರತಿ ಶಾಲೆಗೂ ಜಪಾನಿನಂತೆ ಪ್ರತ್ಯೇಕ ಹುದ್ದೆ ಬೇಕೆಂದು ನಾನು ಹೇಳುತ್ತಿಲ್ಲ. ಅಲ್ಲಿಯೂ ಎಲ್ಲ ಶಾಲೆಗಳಿಗೆ ಅಂಥ ಶಿಕ್ಷಕರು ದೊರೆತಿಲ್ಲ. ಒಂದು ಕ್ಲಸ್ಟರಿಗೆ, ಅಂದರೆ ಅಕ್ಕಪಕ್ಕದ ಶಾಲೆಗಳ ಒಂದು ಗುಂಪಿಗೆ, ಒಬ್ಬ ಶಿಕ್ಷಕರನ್ನಾದರೂ ಚೆನ್ನಾಗಿ ತರಬೇತುಗೊಳಿಸಿದರೆ ಅವರು ಸುತ್ತಲಿನ ಶಾಲೆಗಳವರಿಗೆ ಕಲಿಸಬಲ್ಲರು. ಈ ತರಬೇತಿಯ ಪಠ್ಯ ಬೆಂಗಳೂರಿನಲ್ಲಿ ಸಿದ್ಧವಾಗಿ ಎಲ್ಲೆಡೆಗೂ ಒಂದೇ ರೂಪದಲ್ಲಿ ಬರುವುದು ಬೇಡ. ಮೂಡಿಗೆರೆಯ ಅಕ್ಕಿರೊಟ್ಟಿ, ಕಡೂರಿನ ರಾಗಿಮುದ್ದೆ ಎರಡೂ ಒಂದೇ ಜಿಲ್ಲೆಯಲ್ಲಿರುವುದರಿಂದ, ಅದನ್ನು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯೇ ರೂಪಿಸುವುದು ಸೂಕ್ತ. ಅಡುಗೆಯವರನ್ನೂ ಅದೇ ತರಬೇತಿಯಲ್ಲಿ ಶಿಕ್ಷಕರ ಪಕ್ಕದಲ್ಲೇ ಕೂರಿಸಬೇಕು. ತರಕಾರಿಯನ್ನು ಹೆಚ್ಚುವ ಮೊದಲೇ ತೊಳೆಯುವುದೇಕೆ ಎಂಬ ಪಾಠವನ್ನು ಮಕ್ಕಳೆದುರು ಮಾಡಿ ತೋರಿಸಬಲ್ಲವರು ಅವರು. ಡಿ.ಎಡ್. ವಿದ್ಯಾರ್ಥಿಗಳಿಗೆ ಬೋಧನಾಭ್ಯಾಸದ ಅವಧಿಯಲ್ಲಿ ಕೆಲವು ದಿನಗಳನ್ನು ಬಿಸಿಯೂಟದ ಅಡುಗೆಮನೆಗೆ ಮೀಸಲಿಟ್ಟು, ಅಂದಿನ ಊಟದ ಮೇಲೆಯೇ ಒಂದು ಪಾಠಯೋಜನೆ ಬರೆಸುವುದನ್ನು ಮುಂದಿನ ಶೈಕ್ಷಣಿಕ ವರ್ಷದಿಂದಲೇ ಆರಂಭಿಸಬಹುದು.